ಕಣ್ಣಿಗೆ ಬಿದ್ದ ಭತ್ತದ ಸುಂಕು: ಮದ್ದು ಇದೆ, ಮುಟ್ಟುವುದು ತಡ

ತೊಗರಿ ಬೆಳೆಯುವವರಿಗೆ ನೆಟೆ ರೋಗದ ಪರಿಚಯ ಹೇಳಬೇಕಾಗಿಲ್ಲ. ಹೂ ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲಿಯೇ ಬಾಡುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಬಾಳೆಯ ಪನಾಮಾ ಸೊರಗು ರೋಗವೂ ಅದೇ ಬಳಗದ್ದು. ಎರಡಕ್ಕೂ ಕಾರಣ ಮಣ್ಣಿನಲ್ಲಿ ಬದುಕುವ ಫ್ಯುಸೇರಿಯಂ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಈ ಕುಲಕ್ಕೇ ಸೇರಿದ ಬೇರೆ ಕೆಲವು ಪ್ರಭೇದಗಳು ಬೆಳೆಗಾರನ ಕಣ್ಣನ್ನೂ ತಿನ್ನುತ್ತವೆ ಎಂಬ ಸಂಗತಿ ಮಾತ್ರ ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ತಿಳಿದಿಲ್ಲ. ಭತ್ತ ಬಡಿಯುವವರೂ ಕಬ್ಬು ಕಡಿಯುವವರೂ ಅವಶ್ಯ ತಿಳಿದಿರಬೇಕಾದ ವಿಷಯವಿದು.

ವಿಶ್ವ ಆರೋಗ್ಯ ಸಂಸ್ಥೆಯು 2022ರ ಅಕ್ಟೋಬರಿನಲ್ಲಿ ಮನುಷ್ಯರಿಗೆ ಅಪಾಯಕಾರಿಯಾದ 19 ಶಿಲೀಂಧ್ರಗಳ ಪಟ್ಟಿಯೊಂದನ್ನು ಮೊಟ್ಟಮೊದಲ ಬಾರಿಗೆ ಪ್ರಕಟಿಸಿತು. ಮೂರು ದರ್ಜೆಗಳ ಆ ಪಟ್ಟಿಯಲ್ಲಿ ಫ್ಯುಸೇರಿಯಂ ಎರಡನೆಯ ದರ್ಜೆಯಲ್ಲಿದೆ. 2021ರಲ್ಲಿ, ಕೋವಿಡ್ ಕಾಲದಲ್ಲಿ, ‘ಕಪ್ಪು ಶಿಲೀಂಧ್ರ’ ಎಂಬ ಮಾತು ಮನೆಮನೆಗೆ ಮುಟ್ಟಿದ್ದು ಓದುಗರಿಗೆ ನೆನಪಿರಬಹುದು; ಅದನ್ನು ತರುವ ಗುಂಪೂ ಇದೇ ದರ್ಜೆಯದು. ಆದರೆ ಪಟ್ಟಿ ಮಾಡಿದವರು ಹೆಚ್ಚಾಗಿ ಗಮನಿಸಿದ್ದು ರಕ್ತ, ಶ್ವಾಸಕೋಶ, ಮೆದುಳಿಗೆ ಇಳಿದು ಪ್ರಾಣ ತೆಗೆಯುವ ಸೋಂಕುಗಳನ್ನು. ಕಣ್ಣು ಹೋದವನು ಸಾಯುವುದಿಲ್ಲ. ಅದಕ್ಕೇ ಏನೋ, ಹೊಲದಲ್ಲಿ ದುಡಿಯುವವರ ಕಣ್ಣಿನ ಬೂಷ್ಟು ರೋಗ ದೊಡ್ಡ ಸುದ್ದಿಯಾಗುವುದೇ ಇಲ್ಲ. 2021ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಮಿಕ್ಕಿ ಜನರಿಗೆ ಈ ರೋಗ ತಗಲುತ್ತದೆ. ಅವರಲ್ಲಿ ನೂರಕ್ಕೆ 8ರಿಂದ 11 ಮಂದಿಯ ಕಣ್ಣುಗುಡ್ಡೆಯನ್ನೇ ತೆಗೆದುಹಾಕಬೇಕಾಗುತ್ತದೆ. ಹೆಚ್ಚಿನ ಹೊರೆ ಬಿದ್ದಿರುವುದು ಏಷ್ಯಾ ಮತ್ತು ಆಫ್ರಿಕ ಖಂಡಗಳ ಮೇಲೆ.

ರೋಗ ಬರುವ ಬಗೆ ಹೀಗೆ. ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪದರಕ್ಕೆ ಕಾರ್ನಿಯ ಎನ್ನುತ್ತಾರೆ. ಭತ್ತದ ಸುಂಕು, ಕಬ್ಬಿನ ಸೋಗೆಯ ಅಲಗು, ಮುಳ್ಳಿನ ಕೊನೆ, ಎತ್ತಿನ ಬಾಲದ ಬೀಸು, ಮಣ್ಣಿನ ಹರಳು, ಯಾವುದು ಗೀರಿದರೂ ಈ ಪದರದ ಮೇಲ್ಭಾಗ ಹರಿಯುತ್ತದೆ. ಗೀರಿದ ವಸ್ತುವಿನ ಜೊತೆಯಲ್ಲೇ ಶಿಲೀಂಧ್ರದ ಬೀಜಕಣಗಳೂ ಒಳಸೇರಬಹುದು. ಬ್ಯಾಕ್ಟೀರಿಯಾ ಸೇರಿಕೊಂಡರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕಣ್ಣು ಕೆಂಡವಾಗಿ ಕೀವು ಕಾಣಿಸುವುದರಿಂದ ಮನುಷ್ಯ ಆಸ್ಪತ್ರೆಗೆ ಓಡುತ್ತಾನೆ. ಶಿಲೀಂಧ್ರದ ನಡೆ ನಿಧಾನ. ಮೊದಲ ದಿನ ಚುಚ್ಚಿದಂತಾಗಿ ನೀರು ಸುರಿಯುತ್ತದೆ. ಮರುದಿನ ತುಸು ವಾಸಿಯೆನಿಸಬಹುದು. ನಾಲ್ಕಾರು ದಿನ, ಕೆಲವೊಮ್ಮೆ ವಾರ ಕಳೆದ ಮೇಲೆ ಕರಿಗುಡ್ಡೆಯ ಮೇಲೆ ಒಣಗಿದಂತಿರುವ, ಅಂಚು ಪುಕ್ಕದಂತೆ ಕೆದರಿದ ಬೂದು ಬಿಳುಪಿನ ಕಲೆ ಕಾಣುತ್ತದೆ. ಅಷ್ಟರಲ್ಲಿ ಬೂಷ್ಟಿನ ಎಳೆಗಳು ಬೇರಿನಂತೆ ಆಳಕ್ಕೆ ಇಳಿಯತೊಡಗಿರುತ್ತವೆ. ‘ಕಣ್ಣಿಗೆ ಹೂ ಬಿತ್ತು’ ಎಂದು ನಾವು ಕೈಚೆಲ್ಲುವ ಕಣ್ಣುಗಳಲ್ಲಿ ಇಂತಹವೂ ಉಂಟು.

ಈ ರೋಗದ ಅಧ್ಯಯನದಲ್ಲಿ ಜಗತ್ತೇ ನೋಡುವಂತಹ ಕೆಲಸ ನಡೆದಿರುವುದು ನೆರೆಯ ಮಧುರೆಯಲ್ಲಿ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಗೆ 1994ರ ಜನವರಿಯಿಂದ ಮಾರ್ಚಿಯವರೆಗೆ, ಮೂರೇ ತಿಂಗಳಲ್ಲಿ, ಕಾರ್ನಿಯ ಹುಣ್ಣಾಗಿ 434 ಮಂದಿ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊಲಗೆಲಸದವರು. ಮೂವರಲ್ಲಿ ಇಬ್ಬರ ಕಣ್ಣಿಗೆ ಮೊದಲು ಏನಾದರೊಂದು ಪೆಟ್ಟಾಗಿತ್ತು. ಪ್ರಯೋಗಾಲಯದಲ್ಲಿ ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ಸರಿಸುಮಾರು ಅರ್ಧ ಬ್ಯಾಕ್ಟೀರಿಯಾದವು, ಇನ್ನರ್ಧ ಶಿಲೀಂಧ್ರದವು. ಶಿಲೀಂಧ್ರಗಳಲ್ಲಿಯೂ ಅರ್ಧದಷ್ಟು ಫ್ಯುಸೇರಿಯಂ. ಮಧುರೆ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಕಾರ್ನಿಯ ಹುಣ್ಣಾಗುತ್ತದೆಂದು 1996ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಹೇಳಿತು. ಅಮೆರಿಕದಲ್ಲಿ ಕಂಡ ಪ್ರಮಾಣಕ್ಕೆ ಇದು ಹತ್ತು ಪಟ್ಟು. ಮಧುರೆಯ ಭತ್ತಕ್ಕೂ ಮಂಡ್ಯ, ಗಂಗಾವತಿಗಳ ಭತ್ತಕ್ಕೂ ಸುಂಕು ಬೇರೆಯಲ್ಲ.

ಇನ್ನು ಮದ್ದಿನ ವಿಚಾರ. ಈ ರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ನಾಟಾಮೈಸಿನ್ ಎಂಬ ಕಣ್ಣಿನ ತೊಟ್ಟು ಔಷಧಿ. 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ ಇದನ್ನು ಪಡೆದರು. ಮಣ್ಣಿನಿಂದ ಬಂದ ರೋಗಕ್ಕೆ ಮಣ್ಣಿನಿಂದಲೇ ಮದ್ದು. ಗಿಣ್ಣಿಗೆ ಬೂಷ್ಟು ಹಿಡಿಯದಂತೆ ಹಚ್ಚಲಿಕ್ಕೂ ವಿದೇಶಗಳಲ್ಲಿ ಇದನ್ನೇ ಬಳಸುತ್ತಾರೆ. ಗಿಣ್ಣೆಂದರೆ ನಮ್ಮ ಹಸು ಈದಾಗಿನ ಗಿಣ್ಣಲ್ಲ, ಚೀಸ್ ಎಂಬುದು. ಇದರ ಕೊರತೆಯೆಂದರೆ ಕಾರ್ನಿಯದ ಆಳಕ್ಕೆ ಸುಲಭವಾಗಿ ಇಳಿಯದು. 2002ರಲ್ಲಿ ವೋರಿಕೊನಜೋಲ್ ಎಂಬ ಹೊಸ ಔಷಧಿ ಮಾರುಕಟ್ಟೆಗೆ ಬಂದಾಗ, ಅದು ಆಳಕ್ಕೆ ಇಳಿಯುವುದೆಂದು ಅನೇಕ ವೈದ್ಯರು ಅದರತ್ತ ವಾಲಿದರು.

ಹೊಸದು ಮೇಲೋ ಹಳೆಯದು ಮೇಲೋ ಎಂದು ಒರೆಗೆ ಹಚ್ಚಿದವರು ಅರವಿಂದ ಸಂಸ್ಥೆ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. 323 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಒಂದು, ಉಳಿದವರಿಗೆ ಇನ್ನೊಂದು ಔಷಧಿ ಕೊಟ್ಟು ನೋಡಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಗೆದ್ದದ್ದು ಹಳೆಯ ನಾಟಾಮೈಸಿನ್. ಮೂರು ತಿಂಗಳ ನಂತರ ಈ ಔಷಧಿ ಪಡೆದವರು ಕಣ್ಣು ಪರೀಕ್ಷೆಯ ಹಲಗೆಯಲ್ಲಿ ಸರಾಸರಿ ಸುಮಾರು ಎರಡು ಸಾಲು ಹೆಚ್ಚು ಓದಿದರು. ಫ್ಯುಸೇರಿಯಂ ತಗಲಿದವರಲ್ಲಿ ವ್ಯತ್ಯಾಸ ಸುಮಾರು ನಾಲ್ಕು ಸಾಲು. ಕಣ್ಣು ತೂತು ಬೀಳುವ ಅನಾಹುತ ಹೊಸ ಔಷಧಿಯ ಕಡೆ ಹೆಚ್ಚಾಗಿತ್ತು. ರೋಗ ಬಲಿತ 240 ಮಂದಿಗೆ ತೊಟ್ಟು ಔಷಧಿಯ ಜೊತೆ ಕೆಲವರಿಗೆ ವೋರಿಕೊನಜೋಲ್ ಮಾತ್ರೆಯನ್ನೂ ಕೊಟ್ಟು ನೋಡಿದ ಇನ್ನೊಂದು ಪ್ರಯೋಗದ ಫಲ 2016ರಲ್ಲಿ ಬಂತು. ಒಟ್ಟಾರೆ ಅದರಿಂದ ಪ್ರಯೋಜನ ಕಾಣಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚಿದವು. ನಂಜುನಿವಾರಕವಾದ ಕ್ಲೋರ್‌ಹೆಕ್ಸಿಡಿನ್ ಅಗ್ಗದಲ್ಲಿ ಸಿಗುತ್ತದೆ, ಅದಾದರೂ ಸಾಕೇ ಎಂದು ನೇಪಾಳದ ಲಹಾನಿನಲ್ಲಿ 354 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿಯೂ ನಾಟಾಮೈಸಿನ್ನೇ ಮುಂದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿಯೇ ಇದನ್ನು ಅತ್ಯವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿತ್ತು. ನಮ್ಮ ದೇಶದಲ್ಲೇ ಇದು ತಯಾರಾಗುತ್ತದೆ.

ಇಲ್ಲಿ ಒಂದು ಮಾತನ್ನು ಕೃಷಿ ಪುಟದಲ್ಲಿ ಹೇಳದೆ ಬಿಡುವಂತಿಲ್ಲ. ವೋರಿಕೊನಜೋಲ್ ನಾವು ಬೆಳೆಗೆ ಸಿಂಪಡಿಸುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳ ದಾಯಾದಿ. ಎಲ್ಲವೂ ಟ್ರಯಜೋಲ್ ಮನೆತನದವು. ಶ್ವಾಸಕೋಶಕ್ಕೆ ರೋಗ ತರುವ ಆಸ್ಪರ್ಜಿಲ್ಲಸ್ ಎಂಬ ಬೂಷ್ಟಿನಲ್ಲಿ ಈ ಔಷಧಿಗಳಿಗೆ ಜಗ್ಗದ ತಳಿಗಳು ಭತ್ತದ ಗದ್ದೆಯ ಮಣ್ಣಿನಲ್ಲಿಯೂ ಇರುವುದನ್ನು ದೆಹಲಿಯ ಸಂಶೋಧಕರು 2012ರಲ್ಲಿ ತೋರಿಸಿದರು. ಅವಶ್ಯವಿಲ್ಲದ ಸಿಂಪರಣೆ ಜೇಬಿಗಷ್ಟೇ ನಷ್ಟವೆಂದು ತಿಳಿಯಬಾರದು. ಅದು ಪ್ರತ್ಯೇಕ ಲೇಖನಕ್ಕೆ ವಸ್ತುವಾದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಮದ್ದು ಇದ್ದೂ ಕಣ್ಣುಗಳು ಏಕೆ ಹೋಗುತ್ತಿವೆ? ನನಗೆ ಕಾಣುವಂತೆ ಕೊರತೆ ಇರುವುದು ಹೊಸ ಔಷಧಿಯದಲ್ಲ, ಮೊದಲ ವಾರದ್ದು. ಕಣ್ಣಿಗೆ ಕಸ ಬಿದ್ದ ಹೆಣ್ಣಾಳು ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಅಷ್ಟು ಸುಲಭವೇ? ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ರಸ ಇವುಗಳಲ್ಲಿ ನಾಲ್ಕು ದಿನ ಕಳೆಯುತ್ತದೆ. ಕೆಲವೆಡೆ ನಾಲಿಗೆಯಿಂದ ಕಸ ತೆಗೆಯುವವರೂ ಉಂಟು. ಗೀರಾದ ಕಣ್ಣಿಗೆ ಹೊರಗಿನ ಕೊಳೆ ಸೇರಿಸಿದಂತೆಯೇ ಇದೆಲ್ಲ. ಇದಕ್ಕೂ ಕೇಡಿನದು ಔಷಧಿ ಅಂಗಡಿಯಲ್ಲಿ ‘ಕೆಂಗಣ್ಣಿಗೆ ಏನಾದರೂ ಕೊಡಿ’ ಎಂದು ತರುವ ಸ್ಟೀರಾಯ್ಡ್ ಬೆರೆತ ತೊಟ್ಟು. ಡೆಕ್ಸಾಮೆಥಾಸೋನ್ ಮುಂತಾದ ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮವಿದೆ. ಹಾಕಿದೊಡನೆ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ. ಏಕೆಂದರೆ ರೋಗದೊಡನೆ ಹೋರಾಡುವ ಶರೀರದ ಶಕ್ತಿಯನ್ನೇ ಅದು ಮಲಗಿಸುತ್ತದೆ. ಕಾವಲು ನಾಯಿಯ ಬಾಯಿ ಕಟ್ಟಿದಂತೆ. ಬೂಷ್ಟು ಸದ್ದಿಲ್ಲದೆ ಆಳಕ್ಕಿಳಿಯುತ್ತದೆ. ಆಳಕ್ಕಿಳಿದ ಮೇಲೆ ನಾಟಾಮೈಸಿನ್ನೂ ಅಲ್ಲಿಗೆ ಸರಿಯಾಗಿ ಮುಟ್ಟದು. ಆಗ ದಾನಿಗಳ ಕಾರ್ನಿಯ ತಂದು ಜೋಡಿಸುವುದೊಂದೇ ದಾರಿ. ಸೋಂಕು ಇರುವಾಗಲೇ ಜೋಡಿಸಿದ ಕಾರ್ನಿಯ ತಿಳಿಯಾಗಿ ಉಳಿಯುವ ಭರವಸೆಯೂ ಕಡಿಮೆ.

ಬ್ಯಾಕ್ಟೀರಿಯಾವೋ ಬೂಷ್ಟೋ ಎಂದು ಬರಿಗಣ್ಣಿನಿಂದ ಹೇಳುವುದು ನುರಿತ ವೈದ್ಯರಿಗೂ ಕಷ್ಟ. ಆದರೆ ಪರೀಕ್ಷೆ ದುಬಾರಿಯದಲ್ಲ. ಕಣ್ಣಿನ ವೈದ್ಯರು ಮರವಿನ ತೊಟ್ಟು ಹಾಕಿ ಹುಣ್ಣನ್ನು ತುಸು ಕೆರೆದು ಗಾಜಿನ ಮೇಲಿಡುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಾಣಸಿಗುತ್ತವೆ. ಕ್ಷಯ ಪತ್ತೆಗಾಗಿ ಕಫ ನೋಡುವ ಸೂಕ್ಷ್ಮದರ್ಶಕವೂ ಅದನ್ನು ನೋಡಬಲ್ಲ ಸಿಬ್ಬಂದಿಯೂ ಸರ್ಕಾರಿ ಆಸ್ಪತ್ರೆಗಳಿಗೆ ಹೊಸತೇನಲ್ಲ. ಅದೇ ಸಿಬ್ಬಂದಿಗೆ ಈ ಕೆಲಸವನ್ನೂ ಕಲಿಸಿ, ಸುಗ್ಗಿಗೆ ಮುಂಚೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಟಾಮೈಸಿನ್ ದಾಸ್ತಾನಿಡುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಬಾಬಲ್ಲ. ಬೆಳೆಗೆ ರೋಗ ಬಂದರೆ ಕೃಷಿ ಇಲಾಖೆಯ ಬಾಗಿಲು ಬಡಿಯುವ ನಾವು, ನಮ್ಮ ತಾಲ್ಲೂಕಿನಲ್ಲಿ ಈ ಪರೀಕ್ಷೆ ಉಂಟೇ, ಔಷಧಿ ಉಂಟೇ ಎಂದು ಗ್ರಾಮಸಭೆಯಲ್ಲಿ ಕೇಳಬಾರದೇಕೆ?

ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬಾರದು; ಶುದ್ಧ ನೀರಿನಿಂದ ಧಾರಾಳವಾಗಿ ತೊಳೆಯಬೇಕು. ಮರುದಿನವೂ ನೋವು, ನೀರು, ಮಬ್ಬು ಉಳಿದರೆ ಕಲೆ ಕಾಣುವವರೆಗೆ ಕಾಯದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಯಾವ ಬೆಳೆಯ ಕೆಲಸದಲ್ಲಿ ಏನು ತಗಲಿತೆಂಬುದನ್ನು, ಅದುವರೆಗೆ ಹಾಕಿದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಬಡಿಯುವಾಗ, ತೂರುವಾಗ, ಯಂತ್ರಕ್ಕೆ ಭತ್ತ ಉಣಿಸುವಾಗ ಸಾದಾ ಗಾಜಿನ ಕನ್ನಡಕ ಹಾಕಿಕೊಂಡರೂ ಎಷ್ಟೋ ಗೀರುಗಳು ತಪ್ಪುತ್ತವೆ. ನಾಟಾಮೈಸಿನ್ ಬರೆದುಕೊಟ್ಟರೆ ಮೊದಲ ದಿನಗಳಲ್ಲಿ ಎಚ್ಚರವಿರುವಷ್ಟೂ ಹೊತ್ತು ಗಂಟೆಗೊಮ್ಮೆ ಹಾಕಬೇಕಾಗಬಹುದು, ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಹೊಲದ ಕೆಲಸದ ನಡುವೆ ಇದಾಗದು. ಮನೆಯಲ್ಲಿ ಒಬ್ಬರು ಜೊತೆಗಿರಬೇಕು. ಔಷಧಿ ಸೀಸೆಯ ತಳದಲ್ಲಿ ಕೂರುವುದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಿ ಹಾಕಬೇಕು. ಹುಣ್ಣಿನ ಮೇಲೆ ಬಿಳಿಯ ಹಿಟ್ಟಿನಂತೆ ಅಂಟಿಕೊಳ್ಳುವುದು ಆ ಔಷಧಿಯೇ. ರೋಗ ಹೆಚ್ಚಿತೆಂದು ಹೆದರಿ ನಿಲ್ಲಿಸಬಾರದು.