ಕ್ಯಾಲಿಸ್ಟೋವಿನ ಸೂರ್ಯೋದಯ

ಮಹಾಕಾವ್ಯದಲ್ಲಿ ಇರಲೇಬೇಕೆಂದು ಲಾಕ್ಷಣಿಕರು ಗೊತ್ತುಪಡಿಸಿದ ಹದಿನೆಂಟು ವರ್ಣನೆಗಳಲ್ಲಿ ಸೂರ್ಯೋದಯವೂ ಒಂದು. ಅದಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ಕವಿಪರಂಪರೆಯು ಸಿದ್ಧಪಡಿಸಿಟ್ಟಿದೆ. ಮೊದಲು ಮೂಡಲಲ್ಲಿ ಕೆಂಪು ಹರಡಬೇಕು, ಚುಕ್ಕೆಗಳು ಒಂದೊಂದಾಗಿ ಕಂದಬೇಕು, ತಾವರೆ ಅರಳಬೇಕು, ನೈದಿಲೆ ಮುಚ್ಚಬೇಕು, ಇರುಳೆಲ್ಲ ಅಗಲಿದ್ದ ಚಕ್ರವಾಕಗಳು ಕೂಡಬೇಕು, ತಂಗಾಳಿ ಸುಳಿಯಬೇಕು. ಇವೆಲ್ಲವೂ ಗಾಳಿ ಮತ್ತು ನೀರುಗಳ ಕೊಡುಗೆಯೆಂದು ಕವಿಗಳು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗಿರಲಿಲ್ಲ. ಮೂಡಲ ಕೆಂಪೇ ಗಾಳಿಯ ಕೆಲಸ. ಗಾಳಿಯಿಲ್ಲದೆಡೆ ಅರುಣನಿಲ್ಲ, ಉಷೆಯಿಲ್ಲ. ಅಂಥ ಲೋಕದ ಬೆಳಗನ್ನು ವರ್ಣಿಸಬೇಕಾಗಿ ಬಂದರೆ ಭಾಷೆಯು ಏನು ಮಾಡಬೇಕು? ಅದು ಕೇವಲ ವಿಜ್ಞಾನಿಗಳ ಚಿಂತೆಯೆಂದು ಸಾಹಿತ್ಯಾಧ್ಯಾಪಕರು ಕೈತೊಳೆದುಕೊಳ್ಳುವುದು ಯುಕ್ತವಲ್ಲ.

ಗುರುಗ್ರಹದ ನಾಲ್ಕು ಹಿರಿಯ ಚಂದ್ರಗಳಲ್ಲಿ ಎಲ್ಲಕ್ಕಿಂತ ಹೊರಗಿನದು ಕ್ಯಾಲಿಸ್ಟೋ. ೧೬೧೦ನೆಯ ಇಸವಿಯ ಜನವರಿಯಲ್ಲಿ ಗೆಲಿಲಿಯೋ ಇಟಲಿಯ ಪಡುವಾ ನಗರದಿಂದ ತನ್ನ ಪುಟ್ಟ ದೂರದರ್ಶಕದ ಮೂಲಕ ಈ ನಾಲ್ಕನ್ನೂ ಕಂಡನು. ಇಂದು ಬಳಕೆಯಲ್ಲಿರುವ ಹೆಸರುಗಳನ್ನು ೧೬೧೪ರಲ್ಲಿ ಪ್ರಕಟಿಸಿದವನು ಜರ್ಮನಿಯ ಸೈಮನ್ ಮಾರಿಯುಸ್. ಗ್ರೀಕರ ಕಥೆಯ ಪ್ರಕಾರ ಕ್ಯಾಲಿಸ್ಟೋ ಎಂಬ ವನಕನ್ಯೆಯು ಶಾಪದಿಂದ ಕರಡಿಯಾಗಿ ಕೊನೆಗೆ ಆಕಾಶವನ್ನು ಸೇರಿದಳು. ಆ ಕರಡಿಯ ಬೆನ್ನು ಬಾಲಗಳೇ ಭಾರತೀಯರ ಸಪ್ತರ್ಷಿಮಂಡಲ. ಒಂದೇ ಹೆಣ್ಣಿಗೆ ಆಕಾಶದಲ್ಲಿ ಎರಡು ಮನೆಗಳು ದೊರೆತುವೆಂದಾಯಿತು! ಅದಿರಲಿ. ಈ ಚಂದ್ರನ ವ್ಯಾಸ ಸುಮಾರು ೪,೮೨೦ ಕಿಲೋಮೀಟರು, ಅಂದರೆ ಹೆಚ್ಚುಕಡಮೆ ಬುಧಗ್ರಹದಷ್ಟು. ಗುರುವಿನಿಂದ ಸುಮಾರು ೧೮,೮೦,೦೦೦ ಕಿಲೋಮೀಟರು ದೂರದಲ್ಲಿ ಹದಿನಾರು ದಿನ ಹದಿನಾರೂವರೆ ಗಂಟೆಗೊಮ್ಮೆ ಅದು ಸುತ್ತುತ್ತದೆ. ಒಂದೇ ಮುಖವನ್ನು ಸದಾ ಗುರುವಿನ ಕಡೆಗೆ ತಿರುಗಿಸಿಕೊಂಡಿರುತ್ತದೆ. ಅದರ ಒಡಲು ಕಲ್ಲು ಮತ್ತು ನೀರ್ಗಲ್ಲುಗಳು ಸುಮಾರಾಗಿ ಸಮಪಾಲಾಗಿ ಬೆರೆತದ್ದು.

ಇಂಥ ಹಿರಿಯ ಲೋಕಕ್ಕೆ 'ಸತ್ತ ಲೋಕ' ಎಂಬ ಅಪಖ್ಯಾತಿ ಅಂಟಿಕೊಂಡಿರುವುದು ೧೯೭೯ರಿಂದ. ಆ ವರ್ಷ ವಾಯೇಜರ್ ನೌಕೆಗಳೆರಡೂ ಗುರುವಿನ ಬಳಿ ಹಾದುಹೋದವು. ಅಯೋ ಎಂಬ ಚಂದ್ರನಲ್ಲಿ ಬೆಂಕಿಯುಗುಳುವ ಪರ್ವತಗಳು ಕಂಡವು. ಯುರೋಪಾದ ನುಣುಪಾದ ಹಿಮದ ಮೇಲೆ ಬಿರುಕುಗಳ ಜಾಲ ಕಂಡಿತು. ಗ್ಯಾನಿಮೀಡ್‌ನಲ್ಲಿ ಉತ್ತ ಹೊಲದಂತಹ ಸಾಲುಗಳು ಕಂಡವು. ಕ್ಯಾಲಿಸ್ಟೋವಿನಲ್ಲಿ ಕಂಡದ್ದು ಕುಳಿಗಳು, ಕುಳಿಗಳೊಳಗೆ ಕುಳಿಗಳು, ಅವುಗಳ ಅಂಚನ್ನು ಮುರಿದು ಮತ್ತೆ ಕುಳಿಗಳು. ಕಾರಣವೂ ಸ್ಪಷ್ಟವಾಗಿದೆ. ಒಳಗಿನ ಮೂರು ಚಂದ್ರಗಳು ೧, ೨, ೪ ಎಂಬ ತಾಳಕ್ಕೆ ಹೊಂದಿಕೊಂಡು ಸುತ್ತುವುದರಿಂದ ಗುರುವಿನ ಸೆಳೆತವು ಅವನ್ನು ಎಡೆಬಿಡದೆ ಹಿಂಡುತ್ತ, ನಾದುತ್ತ, ಒಳಗೆ ಬಿಸಿಯನ್ನು ಹುಟ್ಟಿಸುತ್ತದೆ. ಕ್ಯಾಲಿಸ್ಟೋ ಆ ತಾಳಕ್ಕೆ ಸೇರಿಲ್ಲ. ಆದುದರಿಂದ ಅದರ ಮೈಯನ್ನು ಒಳಗಿನ ಕಾವು ಎಂದೂ ಕರಗಿಸಿ ಒರೆಸಲಿಲ್ಲ. ಸುಮಾರು ೪೦೦ ಕೋಟಿ ವರ್ಷಗಳ ಹಿಂದಿನ ಏಟುಗಳೂ ಅಲ್ಲಿ ಉಳಿದಿವೆ. ಇದನ್ನು ಸಾವೆಂದು ಕರೆಯುವುದು ಶಬ್ದದ ದುರುಪಯೋಗ. ಮನೆಯಲ್ಲಿ ಹಳೆಯ ಕಾಗದಪತ್ರಗಳನ್ನು ಜೋಪಾನಮಾಡಿದ ಹಿರಿಯನನ್ನು, ಅವನು ಹೊಸದೇನನ್ನೂ ಬರೆಯಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರೂ ಸತ್ತವರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈಗ ಅಲ್ಲಿಯ ಬೆಳಗನ್ನು ನೋಡಬಹುದು. ಕ್ಯಾಲಿಸ್ಟೋವಿನ ಅತಿದೊಡ್ಡ ಗಾಯದ ಗುರುತಿಗೆ ವಾಲ್‌ಹಾಲಾ ಎಂದು ಹೆಸರು. ನಡುವೆ ಸುಮಾರು ೬೦೦ ಕಿಲೋಮೀಟರು ಅಗಲದ ಹೊಳಪಿನ ಬಯಲು. ಅದರ ಸುತ್ತ ಒಂದರ ಹೊರಗೊಂದು ಉಂಗುರಗಳು. ಹೊರಗಿನ ಉಂಗುರದಿಂದ ಉಂಗುರಕ್ಕೆ ಅಳೆದರೆ ೩,೮೦೦ ಕಿಲೋಮೀಟರಿನಷ್ಟಾಗುತ್ತದೆ. ಕೆರೆಗೆ ಕಲ್ಲೆಸೆದಾಗ ಎದ್ದ ತೆರೆಗಳು ಹಾಗೆಯೇ ಹೆಪ್ಪುಗಟ್ಟಿದಂತಿದೆ ಎಂದು ಹೇಳುವುದು ವಾಡಿಕೆ. ಉಪಮೆ ರಮ್ಯವಾದದ್ದು, ಆದರೆ ವಸ್ತುಸ್ಥಿತಿ ಹಾಗಲ್ಲ. ಏಟು ಬಿದ್ದೆಡೆ ತೆರವಾದ ಗುಂಡಿಯನ್ನು ತುಂಬಲು ಕೆಳಗಿನ ಮೆತ್ತನೆಯ ಪದರವು ನಡುವಿನ ಕಡೆಗೆ ಹರಿದಾಗ ಮೇಲಿನ ಗಟ್ಟಿ ಹಿಮವು ಸೆಳೆತಕ್ಕೆ ಸಿಕ್ಕಿ ಸುತ್ತಲೂ ಸೀಳಿತು. ಆ ಸೀಳುಗಳೇ ಉಂಗುರಗಳೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ತೆರೆಯಲ್ಲ, ಬಿರುಕು.

ವಾಲ್‌ಹಾಲಾದ ನಡುವೆ ನಿಂತವನಿಗೆ ಗುರುಗ್ರಹವು ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ಅದು ಮೂಡಲಲ್ಲಿ, ದಿಗಂತಕ್ಕೂ ನೆತ್ತಿಗೂ ನಡುವಣ ಅಂತರದ ಮೂರನೆಯ ಒಂದು ಪಾಲಿನಷ್ಟು ಎತ್ತರದಲ್ಲಿ ನೆಟ್ಟಗೆ ನಿಂತಿರುತ್ತದೆ; ಎಂಟು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಬೆಳಗಿನ ಹೊತ್ತಿಗೆ ಅದು ಸವೆದು ಸವೆದು ತೆಳುವಾದ ಬಾಗುಗೆರೆಯಾಗಿರುತ್ತದೆ, ಬೆಳಗಿದ ಅಂಚು ಕೆಳಗೆ, ಕೊಂಬುಗಳು ಮೇಲೆ. ಆ ಅಂಚು ಯಾವ ಕಡೆಗೆ ಬಾಗಿದೆಯೋ ಆ ಕಡೆಯಿಂದಲೇ ಸೂರ್ಯನು ಬರಬೇಕು. ದಿಗಂತದ ಅಂಚಿನಲ್ಲಿ ಮೊದಲು ಸೂರ್ಯನ ಪ್ರಭಾವಲಯದ ಮುತ್ತಿನಂಥ ಮಸಕು ಬಿಳುಪು ಕಾಣುತ್ತದೆ. ಆಮೇಲೆ ಒಂದು ಚುಕ್ಕೆ, ಕಣ್ಣು ಕೋರೈಸುವ ಚುಕ್ಕೆ. ಕೆಂಪಿಲ್ಲ, ಹೊನ್ನಿಲ್ಲ, ಶುದ್ಧ ಬಿಳುಪು. ಭೂಮಧ್ಯರೇಖೆಯ ಬಳಿ ಎರಡೇ ನಿಮಿಷಗಳಲ್ಲಿ ಮುಗಿಯುವ ಬಿಂಬೋದಯವು ಅಲ್ಲಿ ಏಳು ನಿಮಿಷ ಹಿಡಿಯುತ್ತದೆ. ಅದೂ ಭೂಮಿಯಲ್ಲಿ ಕಾಣುವುದರ ಐದನೆಯ ಒಂದು ಪಾಲಿನಷ್ಟು ಅಗಲದ ಬಿಂಬ. ಬಿಸಿಲು ಇಲ್ಲಿಯದರ ಇಪ್ಪತ್ತೇಳನೆಯ ಒಂದು ಪಾಲು. ಹಾಗೆಂದು ಅದನ್ನು ಮಬ್ಬೆಂದು ತಿಳಿಯಬಾರದು. ಹುಣ್ಣಿಮೆಯ ಬೆಳದಿಂಗಳಿಗೆ ಅದು ಸಾವಿರಾರು ಮಡಿ ಮಿಗಿಲು, ಧಾರಾಳವಾಗಿ ಪುಸ್ತಕ ಓದಬಹುದು. ಸೂರ್ಯನು ಮೂಡಿದ ಮೇಲೂ ಆಕಾಶ ಕಪ್ಪಾಗಿಯೇ ಇರುತ್ತದೆ. ಇಂಗಾಲದ ಡೈಆಕ್ಸೈಡಿನ ಅತಿ ತೆಳುವಾದ ಹೊದಿಕೆಯೊಂದು ಅಲ್ಲಿದೆಯಾದರೂ ಆಕಾಶಕ್ಕೆ ಬಣ್ಣ ಬಳಿಯುವ ಶಕ್ತಿ ಅದಕ್ಕಿಲ್ಲ.

ಇನ್ನೂ ವಿಸ್ಮಯಕರವಾದ ನೋಟ ಇರುವುದು ಆಸ್‌ಗಾರ್ಡ್ ಎಂಬ ಎರಡನೆಯ ಉಂಗುರಸೀಮೆಯ ಕಡೆಗೆ. ಅದು ಗುರುವಿಗೆ ಬೆನ್ನುಹಾಕಿದ ಅರ್ಧಗೋಲದಲ್ಲಿರುವುದರಿಂದ ಅಲ್ಲಿ ಗುರುಗ್ರಹ ಎಂದೂ ಕಾಣದು. ೨೦೦೧ರ ಮೇ ತಿಂಗಳಲ್ಲಿ ಗೆಲಿಲಿಯೋನ ಹೆಸರನ್ನೇ ಹೊತ್ತ ನೌಕೆಯು ಕ್ಯಾಲಿಸ್ಟೋವಿನ ಮೇಲೆ ಕೇವಲ ೧೩೮ ಕಿಲೋಮೀಟರು ಎತ್ತರದಲ್ಲಿ ಹಾದಾಗ ಆ ಸೀಮೆಯ ದಕ್ಷಿಣಕ್ಕೆ ಹಿಮದ ಚೂಪು ಶಿಖರಗಳ ಒಂದು ಕಾಡೇ ಚಿತ್ರದಲ್ಲಿ ಮೂಡಿತು. ಒಂದೊಂದೂ ಎಂಬತ್ತರಿಂದ ನೂರು ಮೀಟರು ಎತ್ತರ; ತುದಿ ಬೆಳ್ಳಗೆ, ಬುಡದಲ್ಲಿ ಕಪ್ಪು ದೂಳು. ಗುಂಡು ಚಿಕ್ಕದಾದ್ದರಿಂದ ನಿಂತವನ ದಿಗಂತ ಅಲ್ಲಿ ಮೂರು ಕಿಲೋಮೀಟರಿಗೂ ಈಚೆಗೇ ಮುಗಿಯುತ್ತದೆ. ಇದರಿಂದ ಒಂದು ಚಮತ್ಕಾರ ಒದಗುತ್ತದೆ: ನೆಲ ಸಮತಟ್ಟಾಗಿದ್ದರೆ, ನೂರು ಮೀಟರಿನ ಶಿಖರದ ತುದಿಗೆ ಬಿಸಿಲು ತಾಗಿದ ಮೇಲೆ ಬುಡಕ್ಕೆ ತಾಗಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟು ಹೊತ್ತೂ ಕಗ್ಗತ್ತಲ ನೆಲದ ಮೇಲೆ ಬೆಳ್ಳನೆಯ ತುದಿಗಳು ಮಾತ್ರ ಆಧಾರವಿಲ್ಲದೆ ತೇಲುತ್ತಿರುವಂತೆ ಕಾಣುವುವು. ಬಳಿಕ ನೆಳಲುಗಳು ಬೀಳುತ್ತವೆ. ಸೂರ್ಯನು ಒಂದು ಡಿಗ್ರಿಯಷ್ಟು ಏರಿದಾಗ ಅಂಥ ಒಂದು ಶಿಖರದ ನೆಳಲು ಐದೂವರೆ ಕಿಲೋಮೀಟರಿಗೂ ಮಿಕ್ಕಿ ಚಾಚಿರುತ್ತದೆ. ಸೂರ್ಯಬಿಂಬ ಕಿರಿದಾದ್ದರಿಂದ ಅಂಚು ಕತ್ತರಿಸಿದಂತೆ ಸ್ಪಷ್ಟ.

ತಾಳೆಯೋಲೆಯಲ್ಲಿ ಓದಿ ಕಲಿತ ವಿದ್ವಾಂಸರಿಗೆ ಈ ನೆಳಲಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣದ ಕಂಟದಿಂದ ಓಲೆಯನ್ನು ಕೊರೆದಾಗ ಅಕ್ಷರ ಮೂಡಿರುತ್ತದೆ, ಆದರೆ ಕಣ್ಣಿಗೆ ಕಾಣದು. ಮಸಿಯನ್ನು ತೀಡಿ ಒರೆಸಿದಾಗ ಕೊರೆದ ಗೆರೆಯಲ್ಲಿ ಕಪ್ಪು ನಿಂತು ಸಾಲು ಓದಲು ಬರುತ್ತದೆ. ಕ್ಯಾಲಿಸ್ಟೋವಿನ ನೆಲವೂ ನಡುಹಗಲಿನಲ್ಲಿ ಮಸಿ ಹಾಕದ ಓಲೆ. ನೆತ್ತಿಯ ಬಿಸಿಲಿನಲ್ಲಿ ತಗ್ಗು ದಿಣ್ಣೆಗಳೆಲ್ಲ ಒಂದಾಗಿ ಬರಿಯ ಬಿಳಿ ಕರಿ ಕಲೆಗಳಷ್ಟೇ ಉಳಿಯುತ್ತವೆ. ಉದಯಾಸ್ತಗಳ ಓರೆ ಬೆಳಕು ಬಿದ್ದಾಗ ಪ್ರತಿಯೊಂದು ಕುಳಿಯೂ ತನ್ನ ಅಂಚಿನ ನೆಳಲನ್ನು ತುಂಬಿಕೊಂಡು ಅಕ್ಷರವಾಗುತ್ತದೆ. ಒಂದೇ ಸಾಲಿನಲ್ಲಿ ಪೋಣಿಸಿದ ಮಣಿಗಳಂತಿರುವ ಕುಳಿಸಾಲುಗಳೂ ಅಲ್ಲಿವೆ. ಗಿಪುಲ್ ಎಂಬ ಸಾಲು ೬೦೦ ಕಿಲೋಮೀಟರಿಗೂ ಉದ್ದ. ಅವು ಹೇಗೆ ಆದುವೆಂಬ ಒಗಟು ಬಿಡಿಸಿಕೊಂಡದ್ದು ಶೂಮೇಕರ್–ಲೆವಿ ೯ ಎಂಬ ಧೂಮಕೇತುವಿನಿಂದ: ಗುರುವಿನ ಸೆಳೆತಕ್ಕೆ ಸಿಕ್ಕಿ ತುಂಡುತುಂಡಾಗಿ ಹರಿದ ಅದು ೧೯೯೪ರ ಜುಲೈಯಲ್ಲಿ ಸಾಲುಗಟ್ಟಿ ಗುರುವಿನ ಮೇಲೆಯೇ ಬಿದ್ದಿತು. ಕ್ಯಾಲಿಸ್ಟೋವಿನ ಮೇಲೆ ಅಂಥ ಸಾಲುಗಳು ಹಿಂದೆ ಎಷ್ಟೋ ಬಾರಿ ಬರೆಯಲ್ಪಟ್ಟಿದ್ದವು; ಓದುವವರು ಮಾತ್ರ ಇರಲಿಲ್ಲ.

ಆದರೆ ಸೂರ್ಯನು ಅಲ್ಲಿ ಓದಿಸುವವನು ಮಾತ್ರ ಅಲ್ಲ, ಅಳಿಸುವವನೂ ಹೌದು. ಸತ್ತ ಲೋಕವೆಂಬ ಮಾತು ನಿಜವಾಗಿ ಸೋಲುವುದು ಇಲ್ಲಿ. ಹಳೆಯ ನೆಲದ ಮೇಲೆ ದೊಡ್ಡ ಕುಳಿಗಳಿರುವ ಲೆಕ್ಕದಲ್ಲಿ ಚಿಕ್ಕವು ಇನ್ನೂ ಹೇರಳವಾಗಿರಬೇಕೆಂದು ಎಲ್ಲರೂ ಎಣಿಸಿದ್ದರು. ಗೆಲಿಲಿಯೋ ನೌಕೆಯ ಸಮೀಪಚಿತ್ರಗಳಲ್ಲಿ ಚಿಕ್ಕ ಕುಳಿಗಳು ಆಶ್ಚರ್ಯವಾಗುವಷ್ಟು ವಿರಳವಾಗಿದ್ದವು. ಏನೋ ಅವನ್ನು ಸವೆಸುತ್ತಿದೆ. ಇರುಳಿನಲ್ಲಿ ಸೊನ್ನೆಗಿಂತ ೧೯೦ ಡಿಗ್ರಿಗಳಷ್ಟು ಕೆಳಗಿರುವ ನೆಲವು ಎಂಟು ದಿನಗಳಿಗೂ ಮಿಕ್ಕ ದೀರ್ಘ ಹಗಲಿನಲ್ಲಿ ಹೆಚ್ಚೆಂದರೆ ಸೊನ್ನೆಗಿಂತ ೧೧೦ ಡಿಗ್ರಿ ಕೆಳಗಿನವರೆಗೆ ಏರುತ್ತದೆ. ಅಷ್ಟು ಚಳಿಯಲ್ಲೂ ಹಿಮದ ಕಣವು ನೀರಾಗದೆ ನೇರವಾಗಿ ಆವಿಯಾಗಿ ಹೋಗಬಲ್ಲದು. ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡಿಗೂ ಇದರಲ್ಲಿ ಪಾಲಿರಬಹುದೆಂದು ಕೆಲವರ ಅಭಿಪ್ರಾಯ. ಹಿಮ ಹೋದಲ್ಲಿ ಅದರೊಳಗೆ ಬೆರೆತಿದ್ದ ಕಪ್ಪು ದೂಳು ಉಳಿಯುತ್ತದೆ; ಕಪ್ಪು ಹೆಚ್ಚು ಬಿಸಿಲನ್ನು ಹೀರುವುದರಿಂದ ಅಲ್ಲಿ ಸವೆತ ಇನ್ನೂ ಹೆಚ್ಚು; ಆವಿಯು ತಂಪಾದ ಬಿಳಿ ತುದಿಗಳಿಗೆ ಹೋಗಿ ಮತ್ತೆ ಹಿಮವಾಗಿ ಕೂರುತ್ತದೆ. ಹೀಗೆ ಬಿಳಿಯದು ಬಿಳಿಯಾಗುತ್ತ, ಕರಿಯದು ಕರಿಯಾಗುತ್ತ, ಅಂಚುಗಳು ಕುಸಿಯುತ್ತ, ಶಿಖರಗಳು ಸಣ್ಣಗಾಗುತ್ತ ಕೊನೆಗೆ ದೂಳಿನ ಬಯಲಲ್ಲಿ ಮಾಯವಾಗುತ್ತವೆ. ಗಾಳಿಯಿಲ್ಲ, ಮಳೆಯಿಲ್ಲ, ಹೊಳೆಯಿಲ್ಲ. ಈ ಕೆಲಸವೆಲ್ಲ ಬರಿಯ ಬಿಸಿಲಿನದು.

ಇಂಥದನ್ನು ಮಕ್ಕಳಿಗೆ ಹೇಳುವಾಗ ಉಪಾಧ್ಯಾಯರು ಎರಡು ತಪ್ಪುದಾರಿಗಳನ್ನು ಹಿಡಿಯುವುದುಂಟು. ಏನೂ ಇಲ್ಲದ ಬಂಜರೆಂದು ಒಂದೇ ಸಾಲಿನಲ್ಲಿ ಮುಗಿಸುವುದು ಒಂದು. ಬೆಳ್ಳಿಯ ಅರಮನೆ, ವಜ್ರದ ಗೋಪುರಗಳೆಂದು ಅಲಂಕರಿಸುವುದು ಇನ್ನೊಂದು. ಎರಡನೆಯದು ಭಾಷಾಪ್ರೇಮವೆಂದು ತೋರಬಹುದು, ಆದರೆ ಅದೂ ನೋಡದೆ ಹೇಳಿದ ಮಾತೇ. ದಂಡಿಯು ಅಲಂಕಾರಗಳನ್ನು ಎಣಿಸುವಾಗ ಸ್ವಭಾವೋಕ್ತಿಗೆ ಮೊದಲ ಸ್ಥಾನ ಕೊಟ್ಟನು. ಅದು ಅಲಂಕಾರವೇ ಅಲ್ಲವೆಂದು ಕುಂತಕನು ವಾದಿಸಿದನು. ಶತಮಾನಗಳ ಆ ವಿವಾದದಲ್ಲಿ ಕ್ಯಾಲಿಸ್ಟೋ ಏನಾದರೂ ಸಾಕ್ಷ್ಯ ಹೇಳುವುದಾದರೆ ಅದು ದಂಡಿಯ ಪರವಾಗಿಯೇ. ಏಳು ನಿಮಿಷದ ಬಿಂಬೋದಯ, ಅರ್ಧ ಗಂಟೆ ತೇಲುವ ಶಿಖರದ ತುದಿ, ಕಪ್ಪು ಆಕಾಶದ ಬಿಳಿ ಸೂರ್ಯ: ಇದ್ದುದನ್ನು ಇದ್ದಂತೆ ಹೇಳಿದರೆ ಸಾಕು, ಉತ್ಪ್ರೇಕ್ಷೆಗೆ ಅಲ್ಲಿ ಕೆಲಸವಿಲ್ಲ. ಕನ್ನಡಕ್ಕೆ ಇದಕ್ಕೆ ಬೇಕಾದ ಮಾತಿನ ಬಡತನವೂ ಇಲ್ಲ. ಕುಳಿ, ದಿಣ್ಣೆ, ಕೊರಕಲು, ಅಂಚು, ದೂಳು, ನೀರ್ಗಲ್ಲು ಎಲ್ಲವೂ ಮನೆಯ ಮಾತುಗಳೇ.

ವೆಚ್ಚದ ಪ್ರಶ್ನೆಯೂ ಇದೆ. ಗುರುವಿನವರೆಗೆ ನೌಕೆ ಕಳುಹುವುದು ಅಪಾರ ವ್ಯಯದ ಕೆಲಸ. ಜೀವವಿರಬಹುದಾದ ಯುರೋಪಾ ಇರುವಾಗ ಈ ಹಳೆಯ ಕುಳಿಗಳೇಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆಕ್ಷೇಪಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಕ್ಯಾಲಿಸ್ಟೋವಿನ ಸುತ್ತ ಗುರುವಿನ ಕಾಂತಕ್ಷೇತ್ರದಲ್ಲಿ ಆಗುವ ಬದಲಾವಣೆಗಳನ್ನು ಅಳೆದ ವಿಜ್ಞಾನಿಗಳು, ಅದರ ಹಿಮದ ಆಳದಲ್ಲೂ ಉಪ್ಪುನೀರಿನ ಕಡಲೊಂದು ಇರಬಹುದೆಂದು ೧೯೯೮ರಲ್ಲಿಯೇ ಸೂಚಿಸಿದರು. ಗುರುವಿನ ಮಾರಕ ವಿಕಿರಣದ ಉಪಟಳವೂ ಅಷ್ಟು ದೂರದಲ್ಲಿ ಕಡಮೆ. ಅದಕ್ಕೆಂದೇ ೨೦೦೩ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಅಧ್ಯಯನವೊಂದು, ಗುರುವಿನ ಪರಿಸರಕ್ಕೆ ಮನುಷ್ಯರು ಎಂದಾದರೂ ಹೋದರೆ ಇಳಿಯತಕ್ಕ ತಾಣವೆಂದು ಕ್ಯಾಲಿಸ್ಟೋವನ್ನು ಆಯ್ದುಕೊಂಡಿತು. ಆದರೂ ಕ್ಯಾಲಿಸ್ಟೋವಿನ ಕಕ್ಷೆಯನ್ನು ಸೇರಿದ ನೌಕೆ ಇದುವರೆಗೆ ಒಂದೂ ಇಲ್ಲ. ೨೦೨೩ರ ಏಪ್ರಿಲ್ ೧೪ರಂದು ಹೊರಟ ಯುರೋಪಿನ ಜ್ಯೂಸ್ ನೌಕೆಯು ೨೦೩೧ರಲ್ಲಿ ಗುರುವನ್ನು ತಲುಪಿದ ಮೇಲೆ ಇಪ್ಪತ್ತೊಂದು ಬಾರಿ ಕ್ಯಾಲಿಸ್ಟೋವಿನ ಬಳಿ ಹಾದುಹೋಗುವಂತೆ ಯೋಜಿತವಾಗಿದೆ. ಆದರೆ ಅದರ ಗುರಿ ಗ್ಯಾನಿಮೀಡ್. ಕ್ಯಾಲಿಸ್ಟೋವಿನ ಸೆಳೆತವನ್ನು ಅದು ಬಹುಮಟ್ಟಿಗೆ ದಾರಿ ತಿರುಗಿಸಿಕೊಳ್ಳಲು ಬಳಸಿಕೊಳ್ಳಲಿದೆ. ಹಿರಿಯರ ಮನೆಗೆ ಹೋಗುವ ದಾರಿಯಲ್ಲಿ ಬಾಗಿಲಲ್ಲೇ ನಿಂತು ಕ್ಷೇಮ ವಿಚಾರಿಸಿ ಹೊರಡುವ ನೆಂಟರ ರೀತಿ ಇದು. ಇಪ್ಪತ್ತೊಂದು ಸಲದಲ್ಲಿ ಕೆಲವಾದರೂ ಬೆಳಗಿನ ಗಡಿಯ ಮೇಲೆ, ಓರೆ ಬಿಸಿಲಿನಲ್ಲಿ, ಬಿಡುವಾಗಿ ನೋಡುವುದಕ್ಕೆ ಮೀಸಲಾಗಲಿ ಎಂದು ಕೇಳುವುದು ಅತಿಯಾಸೆಯಾಗದು.

ಆಸ್‌ಗಾರ್ಡಿನ ಶಿಖರಗಳನ್ನು ಅಷ್ಟು ಸಮೀಪದಿಂದ ಕಂಡದ್ದು ೨೦೦೧ರ ಮೇ ತಿಂಗಳಿನ ಆ ಒಂದೇ ಸಲ. ಗೆಲಿಲಿಯೋ ನೌಕೆಯನ್ನು ೨೦೦೩ರ ಸೆಪ್ಟೆಂಬರಿನಲ್ಲಿ ಗುರುವಿನೊಳಕ್ಕೆ ಬೀಳಿಸಲಾಯಿತು. ಅಂದಿನಿಂದ ಇಂದಿನವರೆಗೆ ಆ ಹಿಮದ ತುದಿಗಳ ಮೇಲೆ ಐನೂರಕ್ಕೂ ಹೆಚ್ಚು ಬಾರಿ ಬೆಳಗಾಗಿದೆ. ಪ್ರತಿ ಬೆಳಗಿನಲ್ಲೂ ಅವು ಕಂಡೂ ಕಾಣದಷ್ಟು ಸವೆದಿವೆ.