ಕಾಲ್ ಸಿಗದಿದ್ದರೆ ಮೊದಲು ಎಲ್ಲಿ ನೋಡಬೇಕು?

ಮೊನ್ನೆ ಇಶಾ ನಮಾಝ್ ಮುಗಿಸಿ ಬರುವಾಗ ಜಮಾಅತಿನ ಹಿರಿಯ ಉಮ್ಮ ಒಬ್ಬರು ನಮ್ಮನ್ನು ಗೇಟಿನ ಬಳಿ ನಿಲ್ಲಿಸಿದರು. "ಉಸ್ತಾದರೇ, ಮಗ ದುಬೈಗೆ ಹೋಗಿ ಮೂರು ತಿಂಗಳಾಯ್ತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಬರ್ತದೆ, ವಾಯ್ಸ್ ಬರ್ತದೆ. ವಿಡಿಯೋ ಕಾಲ್ ಮಾಡಿದ್ರೆ ಮಾತ್ರ ಕನೆಕ್ಟಿಂಗ್ ಅಂತ ತೋರಿಸಿ ಕಟ್ ಆಗ್ತದೆ. ಅವನೇ ಕಟ್ ಮಾಡೋದಾ?" ಸೊಸೆಯ ಮೇಲೂ ಅವರಿಗೆ ಸಣ್ಣ ಸಂಶಯ ಇತ್ತು, ವೈಫೈ ಹಾಕಿದ ಹುಡುಗನ ಮೇಲಂತೂ ದೊಡ್ಡದೇ ಇತ್ತು. ಹೊಸ ರೂಟರ್ ತರಲು ಎರಡು ಸಾವಿರ ರೂಪಾಯಿ ತೆಗೆದಿಟ್ಟಿದ್ದರು.

ನಾವು ಕೇಳಿದ್ದು ಒಂದೇ ಮಾತು: ಅದೇ ಫೋನ್, ಅದೇ ವೈಫೈಯಲ್ಲಿ ಬೆಂಗಳೂರಿನ ಮಗಳಿಗೆ ವಿಡಿಯೋ ಕಾಲ್ ಹೋಗ್ತದಾ? ಹೋಗ್ತದೆ, ಮುಖ ಚೆನ್ನಾಗಿ ಕಾಣ್ತದೆ ಅಂದರು. ಹಾಗಾದರೆ ರೂಟರಿನ ತಪ್ಪಲ್ಲ, ಮಗನ ತಪ್ಪೂ ಅಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜಿಗೆ ತಡೆ ಇಲ್ಲ, ಕಾಲ್‌ಗೆ ಇದೆ. ಇಂಟರ್ನೆಟ್ ಕರೆಗೆ ಅಲ್ಲಿನ ದೂರಸಂಪರ್ಕ ಪ್ರಾಧಿಕಾರ ಅನುಮತಿ ಕೊಟ್ಟ ಆ್ಯಪ್‌ಗಳೇ ಬೇಕು. ಬೋಟಿಮ್ ಅಂಥದ್ದು. ಝೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್‌ಗೆ 2020ರ ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠ ಮತ್ತು ಮನೆಯಿಂದ ಕೆಲಸಕ್ಕಾಗಿ ದಾರಿ ಬಿಟ್ಟರು. ಸೌದಿಯ ಲೆಕ್ಕ ಬೇರೆ: ಇಂಟರ್ನೆಟ್ ಕರೆಗಳ ನಿಷೇಧವನ್ನು ಅಲ್ಲಿ 2017ರ ಸೆಪ್ಟೆಂಬರ್‌ನಲ್ಲೇ ತೆಗೆದರು, ಅದೂ ನಿಯಮ ಪಾಲಿಸುವ ಆ್ಯಪ್‌ಗಳಿಗೆ ಮಾತ್ರ. ಅದಕ್ಕೇ ರಿಯಾದಿನ ಅಳಿಯನಿಗೆ ಸಿಗುವ ಕಾಲ್ ಶಾರ್ಜಾದ ಮಗನಿಗೆ ಸಿಗದೇ ಹೋಗಬಹುದು. ಇದನ್ನು ಹಿಡಿದು "ಅವನಿಗೆ ಉಮ್ಮನ ನೆನಪಿದೆ, ನಿನಗಿಲ್ಲ" ಎಂದು ಮಾತು ಬೆಳೆದ ಮನೆಗಳನ್ನು ನಾವು ಕಂಡಿದ್ದೇವೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಊರಿನಲ್ಲಿ ಕೂತು "ವಿಪಿಎನ್ ಹಾಕು ಮಗಾ, ಎಲ್ಲರೂ ಹಾಕ್ತಾರೆ" ಎಂದು ಸಲಹೆ ಕೊಡುವವರು ತುಂಬ ಮಂದಿ. ವಿಪಿಎನ್ ಫೋನಿನಲ್ಲಿ ಇರುವುದೇ ಅಪರಾಧ ಅಂತಲ್ಲ, ಕಂಪೆನಿಗಳು ಕೆಲಸಕ್ಕೆ ಬಳಸುತ್ತವೆ. ಆದರೆ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಬಳಸಿದರೆ ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಜೈಲು ಉಂಟು, 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವೂ ಉಂಟು. ನಿಷೇಧ ಇರುವ ಕಾಲ್ ಮಾಡಲಿಕ್ಕೆಂದೇ ಅದನ್ನು ಹಾಕಿದವನು ಯಾವ ಧೈರ್ಯದಲ್ಲಿ ಕೂರಬೇಕು? ತಿಂಗಳಿಗೆ ಒಂದೂವರೆ ಸಾವಿರ ದಿರ್ಹಮ್ ದುಡಿಯುವ ಹುಡುಗನ ಮೇಲೆ ಈ ಅಪಾಯ ಹೊರಿಸುವುದು ಬೇಡ. ಅನುಮತಿ ಇರುವ ಆ್ಯಪನ್ನು ಎರಡೂ ಕಡೆ ಹಾಕಿದರೆ ಮುಗಿಯಿತು.

ಬೆಂಗಳೂರಿಗೂ ಕಾಲ್ ಹೋಗದಿದ್ದರೆ ಆಗ ಮನೆಯೊಳಗೆ ನೋಡೋಣ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಮಾಡಿ. ಹೋದರೆ ತೊಂದರೆ ಇರುವುದು ವೈಫೈಯಲ್ಲಿ. ನಮ್ಮ ಮನೆಗಳಲ್ಲಿ ರೂಟರ್ ಇಡುವುದೇ ಟಿವಿಯ ಹಿಂದೆ, ಇಲ್ಲ ಶೋಕೇಸಿನ ಒಳಗೆ. ಅಡುಗೆಮನೆಗೂ ಅದಕ್ಕೂ ನಡುವೆ ಎರಡು ಕೆಂಪುಕಲ್ಲಿನ ಗೋಡೆ. ಸಿಗ್ನಲ್ ಎಲ್ಲಿಂದ ಬರಬೇಕು? ಎತ್ತರದಲ್ಲಿ, ಮನೆಯ ನಡುವೆ ತೆರೆದಿಡಿ. ಎರಡು ಹೆಸರಿನ ವೈಫೈ ಕಂಡರೆ ದೂರದ ಕೋಣೆಗೆ 2.4 ಒಳ್ಳೆಯದು, ಹತ್ತಿರ ಕೂತು ಮಾತಾಡುವುದಾದರೆ 5. ರೂಟರಿನಲ್ಲಿ ಎಲ್‌ಓಎಸ್ ಎಂಬಲ್ಲಿ ಕೆಂಪು ಲೈಟ್ ಇದ್ದರೆ ನೀವು ಏನು ಒತ್ತಿದರೂ ಪ್ರಯೋಜನವಿಲ್ಲ. ಹೊರಗಿಂದ ಬರುವ ಫೈಬರ್ ಕೇಬಲ್ ತುಂಡಾಗಿರಬಹುದು, ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಹಾಗಾಗುವುದುಂಟು. ಕೇಬಲಿನವರಿಗೇ ಫೋನ್ ಮಾಡಬೇಕು. ಕೆಂಪು ಲೈಟ್ ಇಲ್ಲದಿದ್ದರೆ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ. ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತಿನಲ್ಲಿರುವ ರೀಸೆಟ್ ಮಾತ್ರ ಒತ್ತಬೇಡಿ, ಸೆಟ್ಟಿಂಗ್ ಎಲ್ಲ ಅಳಿದುಹೋಗ್ತದೆ. ನಾವು ಒಮ್ಮೆ ಒತ್ತಿ ಎರಡು ದಿನ ನೆಟ್ ಇಲ್ಲದೆ ಕೂತವರು.

ಮುಖ ಕಂಡು ಸ್ವರ ಬಾರದಿದ್ದರೆ ಫೋನಿನ ಸೆಟ್ಟಿಂಗಿನಲ್ಲಿ ಆ ಆ್ಯಪ್‌ಗೆ ಮೈಕ್ ಅನುಮತಿ ಇದೆಯಾ ನೋಡಿ. ಚಿತ್ರ ತುಂಡು ತುಂಡಾಗಿ ಬಂದರೆ ಒಳಗಿನ ಕೋಣೆಯಲ್ಲಿ ಮಕ್ಕಳು ಯೂಟ್ಯೂಬ್ ನೋಡ್ತಿದ್ದಾರಾ ವಿಚಾರಿಸಿ. ನೆನಪಿರಲಿ, ಆ ಕಡೆಯೂ ತೊಂದರೆ ಇರಬಹುದು. ಒಂದೇ ರೂಮಿನಲ್ಲಿ ಎಂಟು ಹತ್ತು ಜನ ಒಂದು ವೈಫೈ ಹಂಚಿಕೊಂಡಿರುತ್ತಾರೆ. ಅಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ನಮಗೆ ಹನ್ನೊಂದು, ಎಲ್ಲರೂ ಊರಿಗೆ ಮಾತಾಡುವ ಹೊತ್ತು. ವಿಡಿಯೋ ಆಫ್ ಮಾಡಿ ಸ್ವರದಲ್ಲಿ ಮಾತಾಡಿದರೆ ಎಷ್ಟೋ ಸಲ ಸರಿಯಾಗ್ತದೆ.

ಆ ಉಮ್ಮನ ಫೋನಿಗೆ ಬೋಟಿಮ್ ಹಾಕಿಕೊಟ್ಟದ್ದು ನಮ್ಮ ಮದ್ರಸದ ಐದನೇ ತರಗತಿಯ ಹುಡುಗ. ಮರುದಿನ ಅವರೇ ಬಂದು ಹೇಳಿದರು: ಅರ್ಧ ಗಂಟೆ ಮಾತಾಡಿದೆವು ಉಸ್ತಾದರೇ, ಆದರೆ ಮಗನಿಗೆ ಹೆಚ್ಚು ಹೊತ್ತು ಕಂಡದ್ದು ನಮ್ಮ ಮನೆಯ ಫ್ಯಾನ್ ಅಂತೆ.