ಪರಂಗಿಯವರ ಕೋಠಿ

ನಮ್ಮ ಸೀಮೆಯಲ್ಲಿ ಪರಂಗಿ ಹಣ್ಣು ತಿನ್ನದವರಿಲ್ಲ. ಆದರೆ ಈ ಪರಂಗಿ ಯಾರು ಎಂದು ಯೋಚಿಸಿದವರು ಕಡಿಮೆ. ಹಡಗಿನಲ್ಲಿ ಬಂದ ಬಿಳಿಯ ವರ್ತಕನನ್ನು ನಮ್ಮ ಹಿರಿಯರು ಪರಂಗಿಯೆಂದರು. ಅವನು ಅಮೇರಿಕ ಖಂಡದಿಂದ ತಂದ ಹಣ್ಣು ಪರಂಗಿ ಹಣ್ಣಾಯಿತು.

ಇದೇ ಹೆಸರು 1987ರಲ್ಲಿ ಅಮೇರಿಕದ "ಸ್ಟಾರ್ ಟ್ರೆಕ್" ಎಂಬ ಟೆಲಿವಿಷನ್ ಕಥೆಯನ್ನೂ ಹೊಕ್ಕಿತು. ಲಾಭವೇ ದೇವರೆಂದು ನಂಬಿದ ಅನ್ಯಗ್ರಹದ ವರ್ತಕರಿಗೆ ಅಲ್ಲಿ "ಫೆರೆಂಗಿ" ಎಂದು ಹೆಸರು. ಅದೇ ಸಾಲಿನಲ್ಲಿ 1993ರಿಂದ 1999ರವರೆಗೆ ನಡೆದ ಇನ್ನೊಂದು ಕಥೆಯಲ್ಲಿ ಆಕಾಶದಲ್ಲೊಂದು ಠಾಣ್ಯವಿದೆ. ಒಂದು ಗ್ರಹವನ್ನು ಗೆದ್ದವರು ಅಲ್ಲಿನ ಜನರನ್ನು ಗುಲಾಮರನ್ನಾಗಿ ದುಡಿಸಿ ಅದಿರು ಕರಗಿಸುತ್ತಿದ್ದ ಜಾಗ ಅದು. ಆಮೇಲೆ ಅದೇ ವ್ಯಾಪಾರದ ಕಟ್ಟೆಯಾಯಿತು. ಅಲ್ಲೊಬ್ಬ ಫೆರೆಂಗಿಯ ಪಾನಗೃಹ. ವ್ಯಾಪಾರ ಇಳಿದಾಗ ಅವನು ಮೊದಲು ಕತ್ತರಿ ಹಾಕಿದ್ದು ಆಳುಗಳ ಸಂಬಳಕ್ಕೆ. ಕಾಯಿಲೆಯಾದರೂ ರಜೆ ಇಲ್ಲ. ಸಂಘ ಕಟ್ಟುವುದು ಅವರ ಕಾನೂನಿನಲ್ಲಿ ಅಪರಾಧ. ಆದರೂ ಮಾಲೀಕನ ಸ್ವಂತ ತಮ್ಮನೇ ಸಂಘ ಕಟ್ಟಿ ಮುಷ್ಕರ ಹೂಡಿದ. 1996ರಲ್ಲಿ ತೋರಿಸಿದ ಕಥೆಯಿದು. ಕೊನೆಗೆ ಮಾಲೀಕ ಬೇಡಿಕೆಗಳನ್ನೆಲ್ಲ ಒಪ್ಪಿದ. ಸಂಘ ಮುಚ್ಚಿದಂತೆ ಹೊರಗೆ ತೋರಿಸಿದರೆ ಸಾಕೆಂದ!

ಇದು ಕಟ್ಟುಕಥೆ. ಕೋಠಿ ಮಾತ್ರ ಕಟ್ಟುಕಥೆಯಲ್ಲ.

1638ರಲ್ಲಿ ಇಂಗ್ಲಿಷ್ ವರ್ತಕರು ನಮ್ಮ ಕಾರವಾರದಲ್ಲಿ ಕೋಠಿ ಹಾಕಿದರು. ಮೆಣಸು, ಏಲಕ್ಕಿ, ನವುರಾದ ಮಲ್ ಬಟ್ಟೆ ಅಲ್ಲಿಂದ ಹಡಗೇರುತ್ತಿದ್ದವು. ಆ ಬಟ್ಟೆಗಾಗಿ ಹುಬ್ಬಳ್ಳಿ ಮುಂತಾದ ಒಳನಾಡಿನ ಊರುಗಳಲ್ಲಿ 50,000 ನೇಕಾರರು ದುಡಿಯುತ್ತಿದ್ದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. 1673ರಲ್ಲಿ ಮರಾಠಾ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿತು. ಕಂಪನಿಯವರು ತಮ್ಮ ಸರಕಿಗೆ ಪರಿಹಾರ ಕೇಳಿದರು. ಮಗ್ಗದ ಮುಂದೆ ಕುಳಿತಿದ್ದವನ ಪರವಾಗಿ ಕೇಳಿದವರು ಯಾರು?

ಬಂಧುಗಳೇ, ಕೋಠಿಗೂ ಅಂಗಡಿಗೂ ವ್ಯತ್ಯಾಸವಿದೆ. ಹಳೇಕೋಟೆಯ ಅಂಗಡಿಯವನು ಊರಿನವರ ಮುಖ ನೋಡಿ ಸಾಲ ಬರೆಯುತ್ತಾನೆ; ಊರು ಕೆಟ್ಟರೆ ಅವನೂ ಕೆಡುತ್ತಾನೆ. ಕೋಠಿಯವನು ಹಾಗಲ್ಲ. ಅವನ ಒಂದು ಕಾಲು ಸದಾ ಹಡಗಿನ ಮೇಲೆ.

ಇಂದಿನ ಕೋಠಿಗೆ ಹಡಗೂ ಬೇಡ. 2016ರಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿಗಳಲ್ಲಿ ಶೇಕಡಾ 100ರಷ್ಟು ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆಯಿತು. ಸರಕು ಕಂಪನಿಯ ಸ್ವಂತದ್ದಾಗಿರಕೂಡದೆಂದು ಷರತ್ತನ್ನೂ ಹಾಕಿತು. ಆದರೆ ಗಿರಾಕಿಗೆ ಯಾರ ಸರಕನ್ನು ಮೊದಲು ತೋರಿಸಬೇಕು, ಕಮಿಷನ್ ಎಷ್ಟು ಹಿಡಿಯಬೇಕು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಸರಕು ಬಡವರದು, ಬಾಗಿಲು ಕೋಠಿಯವರದು.

"ಕಾರ್ಖಾನೆಯವರು ಮುಷ್ಕರ ಮಾಡಿದರೆ ನಮ್ಮ ವ್ಯಾಪಾರಕ್ಕೆ ಪೆಟ್ಟು ಸ್ವಾಮಿ" ಎಂದು ಅಂಗಡಿಯ ಗೆಳೆಯರು ಹೇಳುವುದುಂಟು. "ಅಂಗಡಿಯವರು ದುಬಾರಿ, ಫೋನಿನಲ್ಲೇ ತರಿಸುತ್ತೇವೆ" ಎಂದು ಕಾರ್ಖಾನೆಯ ಗೆಳೆಯರು ಹೇಳುವುದೂ ಉಂಟು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಲೆಕ್ಕ ಅರ್ಧಕ್ಕೇ ನಿಂತಿದೆ. ಹಾಸನದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಸಂಬಳ ಏರಿದರೆ ಆ ಹಣ ಬರುವುದು ಹೊಳೆನರಸೀಪುರದ, ಅರಕಲಗೂಡಿನ ಅಂಗಡಿಗಳಿಗೇ. ಆ ಅಂಗಡಿ ಮುಚ್ಚಿದರೆ, ಸಂಬಳ ನಿಂತ ತಿಂಗಳು ಅವಳಿಗೆ ಅಕ್ಕಿ ಸಾಲ ಕೊಡುವವರು ಯಾರು? ಫೋನು ಕೊಡುವುದಿಲ್ಲ.

ಆದ್ದರಿಂದ ಈಗ ಮಾಡಬೇಕಾದದ್ದು ಇಷ್ಟು. ಕಾರ್ಮಿಕರ ಕೂಲಿಯ ಬೇಡಿಕೆಗೆ ವರ್ತಕ ಬಂಧುಗಳು ಸಹಿ ಹಾಕಲಿ. ಕಾರ್ಮಿಕ ಸಂಘಗಳು ತಿಂಗಳ ದಿನಸಿಯನ್ನು ಊರಿನ ಅಂಗಡಿಯಲ್ಲಿ ಒಟ್ಟಾಗಿ ದರ ಮಾತಾಡಿ ಕೊಳ್ಳಲಿ. ಮುಷ್ಕರ ಬಂದ ದಿನ ಈ ಸ್ನೇಹವೇ ಉಳಿಸುವುದು. ಪರಂಗಿಯವರ ಹಣ್ಣು ನಮ್ಮ ಹಿತ್ತಲಲ್ಲಿ ಬೆಳೆಯಲಿ, ಬೇಡವೆನ್ನುವುದಿಲ್ಲ. ಹಿತ್ತಲು ಮಾತ್ರ ನಮ್ಮದಾಗಿಯೇ ಇರಲಿ.